ಮೂತ್ರ ಕಟ್ಟಿದರೆ, ಕೆಳಗೆ ನೋವು ಬಂದರೆ: ಯಾವುದಕ್ಕೆ ರಾತ್ರಿಯೇ ಓಡಬೇಕು, ಎಲ್ಲಿಗೆ ಓಡಬೇಕು?

ತೋಟದಮನೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಕೇರಳದ ಗಡಿಯಲ್ಲಿ, ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತು, ಪೆರ್ಲ ಪೇಟೆಯಿಂದ ಸುಮಾರು ಒಳಗೆ. ಮಳೆಗಾಲದಲ್ಲಿ ಅಂಗಳದ ತನಕ ಬರುವುದು ಜೀಪು ಮಾತ್ರ. ಅದಕ್ಕೇ ಈ ಪ್ರಶ್ನೆ.

ಅಪ್ಪನಿಗೆ 74. ಪ್ರಾಸ್ಟೇಟ್ (ಗಂಡಸರಿಗೆ ಮೂತ್ರದ ದಾರಿಯ ಸುತ್ತ ಇರುವ ಗ್ರಂಥಿ) ದೊಡ್ಡದಾಗಿದೆ ಅಂತ ಮೊದಲೇ ಹೇಳಿದ್ದರು. ಮೊನ್ನೆ ತೋಟದಲ್ಲಿ ನೆನೆದು ಶೀತ ಹಿಡಿಯಿತು. ಪೇಟೆಯಿಂದ ಶೀತದ ಮಾತ್ರೆ ತರಿಸಿ ತಿಂದರು. ಸಂಜೆಯಿಂದ ಶುರುವಾಯಿತು. ಒಂದಕ್ಕೆ ಹೋಗಬೇಕು ಅನಿಸುತ್ತದೆ, ಹೋಗಿ ನಿಂತರೆ ಹನಿಯೂ ಇಲ್ಲ. ಅಮ್ಮ ಜೀರಿಗೆ ಕಷಾಯ ಮಾಡಿದರು. ಪಕ್ಕದ ಮನೆಯವರು ಸೀಯಾಳ ಕೆತ್ತಿ ತಂದರು. ದೊಡ್ಡಪ್ಪ ಬಿಸಿನೀರಿನ ಶಾಖ ಕೊಡಿ ಅಂದರು. ಕುಡಿದದ್ದೆಲ್ಲ ಒಳಗೇ ಉಳಿಯಿತು. ಹನ್ನೊಂದು ಗಂಟೆಗೆ ನೋಡಿದರೆ ಅಪ್ಪ ಜಗಲಿಯ ಕಂಬ ಹಿಡಿದು ಬಗ್ಗಿ ನಿಂತಿದ್ದಾರೆ. ಹೊಕ್ಕುಳ ಕೆಳಗೆ ಹೊಟ್ಟೆ ತೆಂಗಿನಕಾಯಿ ಇಟ್ಟ ಹಾಗೆ ಉಬ್ಬಿ ಗಟ್ಟಿಯಾಗಿದೆ. ಮುಟ್ಟಲು ಬಿಡುವುದಿಲ್ಲ. ಮಾತಿಲ್ಲ, ಬೆವರು ಮಾತ್ರ.

ಜೀಪಿನಲ್ಲಿ ಕೂತ ಮೇಲೂ ಚರ್ಚೆ ನಿಲ್ಲಲಿಲ್ಲ. ದೊಡ್ಡಪ್ಪ, "ಸೀದಾ ಮಂಗಳೂರಿಗೆ ಬಿಡು, ದೊಡ್ಡ ಆಸ್ಪತ್ರೆಗೇ ಹೋಗುವ" ಅಂದರು. ಜೀಪಿನವ, "ಮೊದಲು ಹತ್ತಿರದ ಕ್ಯಾಶುವಲ್ಟಿ, ಆಮೇಲೆ ನಿಮ್ಮ ಮಂಗಳೂರು" ಅಂದ. ಕೊನೆಗೆ ಅವನ ಮಾತೇ ನಡೆಯಿತು. ಅಲ್ಲಿನ ಸಿಸ್ಟರ್ ಮೂತ್ರದ ದಾರಿಗೆ ಟ್ಯೂಬ್ ಹಾಕಿದರು. ಚೀಲಕ್ಕೆ ಒಂದು ಲೀಟರಿನ ಹತ್ತಿರ ಬಂತು. ಅಪ್ಪ ಆ ಮಂಚದಲ್ಲೇ ನಿದ್ದೆ ಹೋದರು.

ಈಗ ಟ್ಯೂಬ್ ಸಮೇತ ಮನೆಯಲ್ಲಿದ್ದಾರೆ. ಒಂದು ಮಾತ್ರೆ ಕೊಟ್ಟಿದ್ದಾರೆ, ನಾಡಿದ್ದು ಟ್ಯೂಬ್ ತೆಗೆದು ನೋಡುತ್ತಾರಂತೆ. ಗೊತ್ತಿರುವವರು ಸ್ವಲ್ಪ ಹೇಳಿ. ಈ ಮೂತ್ರದ ಕಡೆಯ ತೊಂದರೆಗಳಲ್ಲಿ ಯಾವುದಕ್ಕೆ ರಾತ್ರಿಯೇ ಹೊರಡಬೇಕು? ಯಾವುದು ಬೆಳಗಿನ ತನಕ ತಡೆಯುತ್ತದೆ? ಹತ್ತಿರದ ಆಸ್ಪತ್ರೆ ಸಾಕಾ, ಮಂಗಳೂರಿಗೇ ಹೋಗಬೇಕಾ? ಮನೆಯಲ್ಲಿ ನನ್ನ ಎರಡು ಗಂಡುಮಕ್ಕಳೂ ಇದ್ದಾರೆ, ಮರ ಹತ್ತುವ ಕೆಲಸದವರೂ ಬರುತ್ತಾರೆ. ಹಾಗಾಗಿ ಅಪ್ಪನ ವಿಷಯ ಮಾತ್ರ ಅಂತ ಇಟ್ಟುಕೊಳ್ಳಬೇಡಿ.

ಕುಂಬಳೆ ಸಿಸ್ಟರ್:

ತೋಟದಮನೆ ಅಣ್ಣಾ, ನಿಮ್ಮ ಜೀಪಿನವನಿಗೆ ನನ್ನ ಲೆಕ್ಕದಲ್ಲಿ ಒಂದು ಚಾ ಕೊಡಿಸಿ.

ನಾನು ಈ ಕಡೆಯ ಒಂದು ಪಂಚಾಯತಿನಲ್ಲಿ ಪಾಲಿಯೇಟಿವ್ ಹೋಂಕೇರ್ ನರ್ಸ್. ಮನೆ ಮನೆಗೆ ಹೋಗಿ ಟ್ಯೂಬ್ ಬದಲಾಯಿಸುವುದೇ ನನ್ನ ಅರ್ಧ ಕೆಲಸ. ಮೂತ್ರ ಕಟ್ಟಿದವರಿಗೆ ಆ ಹೊತ್ತಿಗೆ ಬೇಕಾದ್ದು ಒಂದು ಟ್ಯೂಬ್, ಸ್ವಲ್ಪ ಮರಗಟ್ಟಿಸುವ ಜೆಲ್ಲಿ, ಹಾಕಿ ಅಭ್ಯಾಸ ಇರುವ ಒಂದು ಕೈ. ಇಷ್ಟು ತಾಲೂಕು ಆಸ್ಪತ್ರೆಯಲ್ಲೂ ಇರುತ್ತದೆ. ಹೊಟ್ಟೆಯೊಳಗಿನ ಮೂತ್ರಚೀಲ ಸಾಮಾನ್ಯವಾಗಿ 400–500 ಮಿಲಿ ಹಿಡಿಯುವಂಥದ್ದು. ಅದರಲ್ಲಿ ಒಂದು ಲೀಟರ್ ತುಂಬಿಸಿಕೊಂಡು ಹೊಂಡಗಳ ರಸ್ತೆಯಲ್ಲಿ ಮಂಗಳೂರಿನ ತನಕ ಹೋಗುವುದು ಬೇಡ. ಬರಿದು ಮಾಡಿದ ಮೇಲೆ ಯುರಾಲಜಿಸ್ಟ್ ಅನ್ನು, ಅಂದರೆ ಮೂತ್ರದ ಕಡೆಯ ಸ್ಪೆಶಲಿಸ್ಟ್ ಡಾಕ್ಟ್ರನ್ನು, ನಿಧಾನವಾಗಿ ನೋಡಬಹುದು.

ಆದರೆ ಕೆಲವರಿಗೆ ಟ್ಯೂಬ್ ಸುಲಭಕ್ಕೆ ಹೋಗುವುದಿಲ್ಲ. ಮೊದಲೊಮ್ಮೆ ಆಪರೇಶನ್ ಆಗಿದ್ದರೆ, ಮೂತ್ರದ ದಾರಿ ಕಟ್ಟಿ ಹಿಗ್ಗಿಸಿದ್ದರೆ, ಹೋದ ಕೂಡಲೇ ಅದನ್ನೇ ಮೊದಲು ಹೇಳಿ. ಒಂದೆರಡು ಸಲ ನೋಡಿ ಆಗದಿದ್ದರೆ ಮತ್ತೆ ಮತ್ತೆ ಚುಚ್ಚಬಾರದು. ಆಗ ಯುರಾಲಜಿ ಇರುವ ಕಡೆಗೇ ಹೋಗಬೇಕು. ಅಲ್ಲಿ ಬೇಕಾದರೆ ಹೊಟ್ಟೆಯ ಕೆಳಗಿನಿಂದಲೇ ಟ್ಯೂಬ್ ಇಳಿಸುತ್ತಾರೆ.

ಶೀತದ ಮಾತ್ರೆಯ ವಿಷಯ. ಪ್ರಾಸ್ಟೇಟ್ ಇರುವವರ ಮನೆಯಲ್ಲಿ ಇದನ್ನು ಗೋಡೆಗೆ ಬರೆದು ಅಂಟಿಸಬೇಕು ಅಂತ ನನಗೆ ಆಸೆ. ಆ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಎರಡು ಔಷಧಿ ಒಟ್ಟಿಗೆ ಇರುತ್ತವೆ. ಫಿನೈಲ್ಎಫ್ರಿನ್ ಜಾತಿಯದ್ದು ಮೂಗು ಬಿಡಿಸುವ ಹಾಗೆಯೇ ಮೂತ್ರಚೀಲದ ಬಾಯಿಯನ್ನು ಬಿಗಿ ಮಾಡುತ್ತದೆ. ಕ್ಲೋರ್‌ಫೆನಿರಾಮಿನ್ ಜಾತಿಯದ್ದು ಚೀಲದ ಸ್ನಾಯುವನ್ನು ಸೋಮಾರಿ ಮಾಡುತ್ತದೆ. ಬಾಗಿಲು ಬಿಗಿ, ಒಳಗಿಂದ ನೂಕುವವನಿಗೆ ನಿದ್ದೆ. ಮಲಬದ್ಧತೆ ಸೇರಿದರೆ ಮುಗಿಯಿತು. ರಾತ್ರಿ ಎರಡು ಪೆಗ್ ಹಾಕುವವರಿಗೂ ಇದೇ ಗತಿ.

ಇನ್ನೊಂದು. "ಹನಿ ಹನಿ ಹೋಗ್ತಾ ಉಂಟು, ಕಟ್ಟಿದ್ದಲ್ಲ" ಅಂತ ಹೇಳುವವರು ತುಂಬ. ತುಂಬಿ ತುಳುಕಿದ್ದೂ ಹನಿಯಾಗಿಯೇ ಬರುತ್ತದೆ. ಬಟ್ಟೆ ಒದ್ದೆಯಾಗುತ್ತಿದ್ದರೂ ಕೆಳಹೊಟ್ಟೆ ಗಟ್ಟಿ ಇದ್ದರೆ ಅದು ಕಟ್ಟಿದ್ದೇ. ಇಂಥವರಿಗೆ ಎಷ್ಟೋ ಸಲ ನೋವೇ ಇರುವುದಿಲ್ಲ. ಕಿಡ್ನಿ ಮಾತ್ರ ಒಳಗೆ ಸದ್ದಿಲ್ಲದೆ ಹಾಳಾಗುತ್ತಿರುತ್ತದೆ. ಇವರಿಗೆ ಟ್ಯೂಬ್ ಹಾಕಿದ ಮೇಲೆ ಕೆಲವೊಮ್ಮೆ ಗಂಟೆಗೆ 200 ಮಿಲಿಗಿಂತ ಜಾಸ್ತಿ ಸುರಿಯಲು ಶುರುವಾಗುತ್ತದೆ, ನಿಲ್ಲುವುದೇ ಇಲ್ಲ. ಆಗ ಮನೆಗೆ ಕರೆದುಕೊಂಡು ಬರಬಾರದು, ಅಡ್ಮಿಟ್ ಮಾಡಿ ರಕ್ತ ಪರೀಕ್ಷೆ ಮಾಡಿಸಬೇಕು.

ಮೂತ್ರ ಕಟ್ಟಿದ್ದರ ಜೊತೆ ಸೊಂಟನೋವು, ಕಾಲಿನ ಬಲ ಕಡಿಮೆಯಾದದ್ದು, ಕೂತುಕೊಳ್ಳುವ ಜಾಗ ಜೋಮು ಹಿಡಿದದ್ದು ಇದ್ದರೆ ಅದು ಪ್ರಾಸ್ಟೇಟ್ ಅಲ್ಲ, ಬೆನ್ನುಹುರಿಯದು. ಅದಕ್ಕೆ ಆ ದಿನವೇ ಎಂಆರ್‌ಐ ಮತ್ತು ಸರ್ಜನ್ ಬೇಕು.

ಟ್ಯೂಬ್ ಸಮೇತ ಮನೆಯಲ್ಲಿರುವಾಗ: ಟ್ಯೂಬಿಗೆ ಸಿಕ್ಕಿಸಿದ ಚೀಲ ಯಾವಾಗಲೂ ಹೊಟ್ಟೆಗಿಂತ ಕೆಳಗೆ ಇರಲಿ, ಆದರೆ ನೆಲಕ್ಕೆ ತಾಗಬಾರದು. ಮಂಚದ ಅಡ್ಡಪಟ್ಟಿಗೆ ಸಿಕ್ಕಿಸಿ. ಟ್ಯೂಬನ್ನು ತೊಡೆಗೆ ಪ್ಲಾಸ್ಟರ್ ಹಾಕಿ ಅಂಟಿಸಿ, ಎಳೆತ ಬೀಳಬಾರದು. ಮೂರು ನಾಲ್ಕು ಗಂಟೆ ಚೀಲಕ್ಕೆ ಏನೂ ಬರದಿದ್ದರೆ ಮೊದಲು ಮಡಚಿದೆಯಾ ನೋಡಿ. ಸರಿ ಇದ್ದೂ ಬರದಿದ್ದರೆ, ಹೊಟ್ಟೆ ಬಿಗಿಯುತ್ತಿದ್ದರೆ ಟ್ಯೂಬ್ ಕಟ್ಟಿದೆ. ರಾತ್ರಿಯಾದರೂ ಬದಲಾಯಿಸಲೇಬೇಕು. ಟ್ಯೂಬಿನ ಪಕ್ಕದಿಂದ ಸೋರಿದರೆ ಹೆದರಬೇಡಿ, ಆದರೆ ಕಟ್ಟಿದ್ದರಿಂದಲೂ ಸೋರಬಹುದು, ಚೀಲ ನೋಡಿಕೊಳ್ಳಿ. ಒಳಗೆ ಬಲೂನ್ ಉಬ್ಬಿಸಿರುತ್ತಾರೆ. ಹಿರಿಯರು ನಿದ್ದೆಗಣ್ಣಲ್ಲಿ ಎಳೆದುಬಿಟ್ಟರೆ ರಕ್ತ ಬರುತ್ತದೆ, ಆಗ ಕೂಡಲೇ ಹೊರಡಿ. ಕತ್ತರಿಯಿಂದ ಟ್ಯೂಬ್ ಕತ್ತರಿಸಿ ತೆಗೆಯುವ ಸಾಹಸ ಯಾರೂ ಮಾಡಬೇಡಿ. ಹೊಟ್ಟೆಯಿಂದ ಹಾಕಿದ ಟ್ಯೂಬ್ ಕಳಚಿದರಂತೂ ಆ ತೂತು ಕೆಲವೇ ಗಂಟೆಯಲ್ಲಿ ಮುಚ್ಚಿಕೊಳ್ಳುತ್ತದೆ. ಬೆಳಗಾಗಲಿ ಅಂತ ಕೂರಬೇಡಿ.

ತೊಳೆಯುವಾಗ ಮುಂದೊಗಲು ಹಿಂದೆ ಸರಿಸಿದರೆ, ತೊಳೆದ ಮೇಲೆ ವಾಪಸ್ ಮುಂದೆ ತರಲೇಬೇಕು. ಮನೆಯವರು, ಕೆಲವೊಮ್ಮೆ ಆಸ್ಪತ್ರೆಯವರು ಕೂಡ, ಇದನ್ನು ಬಿಟ್ಟುಬಿಡುತ್ತಾರೆ. ಆಗ ಅದು ಅಲ್ಲೇ ಬಿಗಿದು ತುದಿ ಊದಿಕೊಳ್ಳುತ್ತದೆ. ಬೇಗ ಬಂದರೆ ಕೈಯಲ್ಲಿ ಒತ್ತಿ ಹಿಡಿದು ಊತ ಇಳಿಸಿ ಸರಿ ಮಾಡಬಹುದು. ತಡವಾದರೆ ಕೊಯ್ಯಬೇಕಾಗುತ್ತದೆ.

ಮರದಿಂದ ಬಿದ್ದು ಸೊಂಟದ ಕೆಳಗೆ ಬಲ ಹೋದವರು ನಮ್ಮ ಲಿಸ್ಟಿನಲ್ಲಿ ಬಹಳ. ಅಡಿಕೆ, ತೆಂಗು, ಕಾಳುಮೆಣಸಿನ ಏಣಿ. ಒಬ್ಬರ ಮನೆಗೆ ಹೋದಾಗ ಅವರ ಹೆಂಡತಿ ತಲೆಗೆ ಒದ್ದೆ ಬಟ್ಟೆ ಹಾಕುತ್ತಿದ್ದರು. ಮುಖ ಕೆಂಪು, ಹಣೆಯಲ್ಲಿ ಬೆವರು, ತಲೆ ಸಿಡಿಯುತ್ತಿದೆ ಅಂತ ನರಳಾಟ. ಬಿಪಿ ನೋಡಿದರೆ ಕಂಡಾಪಟ್ಟೆ. ಹೊದಿಕೆ ಎತ್ತಿ ನೋಡಿದೆ. ತೊಡೆಯ ಅಡಿಯಲ್ಲಿ ಟ್ಯೂಬ್ ಮಡಚಿ ಹೋಗಿತ್ತು. ನೇರ ಮಾಡಿ, ಎಬ್ಬಿಸಿ ಕೂರಿಸಿದೆ. ಚೀಲ ತುಂಬುತ್ತಾ ಬಂದ ಹಾಗೆ ಬಿಪಿ ಇಳಿಯಿತು. ಎದೆಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಬೆನ್ನುಹುರಿಗೆ ಪೆಟ್ಟಾದವರಿಗೆ ಹೀಗಾಗುತ್ತದೆ. ಕೆಳಗೆ ನೋವು ಗೊತ್ತಾಗುವುದಿಲ್ಲ, ಮೇಲೆ ಬಿಪಿ ಏರುತ್ತದೆ. ಮೆದುಳಲ್ಲಿ ರಕ್ತಸ್ರಾವ ಆಗುವ ಮಟ್ಟಕ್ಕೂ ಹೋಗಬಹುದು. ಇಂಥವರಿಗೆ ತಲೆನೋವು ಅಂದರೆ ಮಾತ್ರೆ ಹುಡುಕುವ ಮೊದಲು ಟ್ಯೂಬ್ ನೋಡಬೇಕು.

ಬಾಳೆದಿಂಡು:

ಎಲ್ಲದಕ್ಕೂ ಟ್ಯೂಬ್, ಆಸ್ಪತ್ರೆ ಅಂದರೆ ಹೇಗೆ? ನಮ್ಮ ಹಿರಿಯರು ಬಾರ್ಲಿ ನೀರು, ಬಾಳೆದಿಂಡಿನ ರಸದಲ್ಲೇ ಬದುಕಿದ್ದರು. ನನಗೇ ಕಿಡ್ನಿಯಲ್ಲಿ ಕಲ್ಲು ಇತ್ತು. ಬೆಳಿಗ್ಗೆ ಖಾಲಿ ಹೊಟ್ಟೆಗೆ ದಿಂಡಿನ ರಸ ಕುಡಿದೆ, ಕಲ್ಲು ಬಿದ್ದು ಹೋಯಿತು. ಸುಮ್ನೆ ಹೆದರಿಸಬೇಡಿ ಸಿಸ್ಟರ್.

ಕುಂಬಳೆ ಸಿಸ್ಟರ್:

ಕುಡಿಯಿರಿ ಅಣ್ಣಾ, ನಾನೂ ದಿಂಡಿನ ಪಲ್ಯ ಮಾಡುತ್ತೇನೆ. ಆದರೆ ಹೊರಗೆ ಹೋಗಲು ದಾರಿಯೇ ಇಲ್ಲದವರಿಗೆ ಕುಡಿಸಿದ್ದೆಲ್ಲ ಎಲ್ಲಿಗೆ ಹೋಗಬೇಕು, ನೀವೇ ಹೇಳಿ.

ಉಪ್ಪಳದಿಂದ ಒಬ್ಬ ಅಮ್ಮ:

ತೋಟದಮನೆಯವರು ಗಂಡುಮಕ್ಕಳ ವಿಷಯ ಹೇಳಿದ್ದಕ್ಕೆ ಬರೆಯುತ್ತಿದ್ದೇನೆ. ಇದನ್ನು ಗಂಡುಮಕ್ಕಳ ತಾಯಂದಿರೆಲ್ಲ ಓದಬೇಕು.

ನನ್ನ ಮಗ ಆಗ ಒಂಬತ್ತನೇ ಕ್ಲಾಸು. ಬೆಳಗಿನ ಜಾವ ಎದ್ದು ಹೊಟ್ಟೆನೋವು ಅಂದ. ಒಂದು ಸಲ ವಾಂತಿ ಮಾಡಿದ. ಜ್ವರ ಇಲ್ಲ, ಭೇದಿ ಇಲ್ಲ. ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಹೊಟ್ಟೆ ಒತ್ತಿ ನೋಡಿದರು, ಗ್ಯಾಸ್ ಅಂದರು, ಒಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ಹದಿಮೂರು ಹದಿನಾಲ್ಕರ ಹುಡುಗ ಬಗ್ಗಿಕೊಂಡು, ಕಾಲು ಅಗಲಿಸಿ ನಡೆದುಕೊಂಡು ಒಳಗೆ ಬಂದಿದ್ದಾನೆ. ಅವನ ಚಡ್ಡಿ ಇಳಿಸಿ ನೋಡಬೇಕು ಅಂತ ಅಲ್ಲಿ ಒಬ್ಬರಿಗೂ ಅನಿಸಲಿಲ್ಲ. ಅದರ ಮೇಲೆ ನನಗೆ ಇವತ್ತಿಗೂ ಸಿಟ್ಟು.

ಮನೆಗೆ ಬಂದ ಮೇಲೆ ಅವನು ನನ್ನ ಫೋನ್ ತೆಗೆದುಕೊಂಡು ಕೋಣೆಗೆ ಹೋಗಿ ಚಿಲಕ ಹಾಕಿದ. ಅವನ ಅಪ್ಪ ಗಲ್ಫಿನಲ್ಲಿದ್ದಾರೆ. ಅವರಿಗೆ ಕಾಲ್ ಮಾಡಿದ್ದ. ಎರಡೇ ನಿಮಿಷ. ಆಮೇಲೆ ಅವರು ನನಗೆ ಹೇಳಿದರು, "ಅವನಿಗೆ ಹೊಟ್ಟೆ ಅಲ್ಲ ಮಾರಾಯ್ತಿ, ಕೆಳಗೆ ನೋವು. ಒಂದು ಬೀಜ ಮೇಲೆ ಎಳೆದುಕೊಂಡು ಊದಿದೆಯಂತೆ. ನಿನ್ನ ತಮ್ಮನಿಗೆ ಕಾರು ತೆಗೆಯಲು ಹೇಳು, ಈಗಲೇ." ನನ್ನ ಹತ್ತಿರ ಹೇಳಲು ಹುಡುಗನಿಗೆ ನಾಚಿಕೆ.

ತಲಪಾಡಿಯ ಗಡಿ ದಾಟಿ ಮಂಗಳೂರಿಗೆ ಹೋದೆವು. ಕ್ಯಾಶುವಲ್ಟಿಯಲ್ಲಿದ್ದ ಹುಡುಗಿ ಡಾಕ್ಟ್ರು ಪರದೆ ಎಳೆದು ನೋಡಿದರು. ಹೊರಗೆ ಬಂದವರೇ ಫೋನ್ ಎತ್ತಿದರು. ನೀರು ಕೂಡ ಕೊಡಬೇಡಿ ಅಂದರು. ಬೀಜಕ್ಕೆ ರಕ್ತ ಹೋಗುವ ಬಳ್ಳಿ ತಿರುಚಿಕೊಂಡಿದೆ, ಸ್ಕ್ಯಾನ್ ತಕ್ಷಣ ಆದರೆ ಮಾಡುತ್ತೇವೆ, ಇಲ್ಲದಿದ್ದರೆ ನೇರ ಥಿಯೇಟರಿಗೆ ಅಂದರು. ನೋವು ಶುರುವಾಗಿ 6 ಗಂಟೆಯ ಒಳಗೆ ಬಿಡಿಸಿದರೆ ಹೆಚ್ಚಿನವು ಉಳಿಯುತ್ತವೆ, ಆಮೇಲೆ ಗಂಟೆಗಂಟೆಗೂ ಆಸೆ ಕಡಿಮೆ ಅಂತ ಅವರೇ ವಿವರಿಸಿದ್ದು.

ಆಪರೇಶನ್ ಆದ ಮೇಲೆ ಸರ್ಜನ್ ಹೇಳಿದರು. ತೆರೆದು ನೋಡಿದಾಗ ಕಪ್ಪು ನೀಲಿ ಆಗಿತ್ತಂತೆ. ತಿರುಚಿದ್ದು ಬಿಡಿಸಿ, ಬಿಸಿ ಸಲೈನಿನಲ್ಲಿ ಅದ್ದಿದ ಬಟ್ಟೆ ಸುತ್ತಿ ಇಟ್ಟು ಕಾದರಂತೆ. ನಿಧಾನಕ್ಕೆ ಬಣ್ಣ ತಿರುಗಿತಂತೆ. ಅದನ್ನು ಹೊಲಿದು ನಿಲ್ಲಿಸಿದ್ದಲ್ಲದೆ, ಇನ್ನೊಂದು ಬದಿಯದ್ದನ್ನೂ ಹೊಲಿದಿದ್ದಾರೆ. ಹುಟ್ಟಿನಿಂದಲೇ ಸಡಿಲ ಇರುವವರಿಗೆ ಆ ಬದಿಯೂ ತಿರುಗಬಹುದಂತೆ. ಈಗ ವಾಲಿಬಾಲ್ ಆಡುತ್ತಾನೆ, ಹೇಳಿದ ಮಾತು ಒಂದೂ ಕೇಳುವುದಿಲ್ಲ.

ಹುಡುಗರು ಹೊಟ್ಟೆನೋವು ಅಂದರೆ ಸೀದಾ ಕೇಳಿಬಿಡಿ, ಕೆಳಗೆ ನೋವು ಇದೆಯಾ ಅಂತ. ನಿಮಗೆ ಹೇಳದಿದ್ದರೆ ಅಪ್ಪ, ಮಾವ, ಅಣ್ಣ, ಯಾರ ಹತ್ತಿರ ಹೇಳುತ್ತಾನೋ ಅವರಿಂದ ಕೇಳಿಸಿ.

ಕ್ಯಾಶುವಲ್ಟಿ ಡ್ಯೂಟಿ:

ಮಂಜೇಶ್ವರದ ಕಡೆಯವನು, ಈಗ ಮಂಗಳೂರಿನಲ್ಲಿ ಕ್ಯಾಶುವಲ್ಟಿಯಲ್ಲೇ ನನ್ನ ಅನ್ನ. ಅಕ್ಕ ಬರೆದದ್ದಕ್ಕೆ ಒಂದೇ ಸೇರಿಸುತ್ತೇನೆ. 12ರಿಂದ 18ರ ಹುಡುಗರಲ್ಲಿ ಇದು ಜಾಸ್ತಿ, ಆದರೆ ಯಾವ ವಯಸ್ಸಿನಲ್ಲೂ ಆಗಬಹುದು, ಹಸುಗೂಸಿನಲ್ಲಿ ಕೂಡ. ಸೋಂಕಿನಿಂದ ಬರುವ ನೋವು ಸಾಮಾನ್ಯವಾಗಿ ನಿಧಾನಕ್ಕೆ ಏರುತ್ತದೆ, ತಿರುಚಿದ್ದು ಒಮ್ಮೆಲೇ ಬಡಿಯುತ್ತದೆ. ಆದರೂ ಮನೆಯಲ್ಲಿ ಕೂತು ಇದು ಅದಾ ಇದಾ ಅಂತ ತೀರ್ಮಾನ ಮಾಡಲು ಹೋಗಬೇಡಿ. ಬಂದು ಹೋಗಿ ಮಾಡುವ ನೋವೂ ಇದೇ ಆಗಿರಬಹುದು. "ಸ್ಕ್ಯಾನ್‌ನವರು ಬೆಳಿಗ್ಗೆ ಬರುತ್ತಾರೆ, ಕಾಯಿರಿ" ಅಂತ ಯಾರಾದರೂ ಹೇಳಿದರೆ ಕಾಯಬೇಡಿ. ಇದಕ್ಕೆ ಮಾತ್ರ ಸಿಸ್ಟರ್ ಹೇಳಿದ ಲೆಕ್ಕ ತಿರುಗುಮುರುಗು. ಹತ್ತಿರದ ಆಸ್ಪತ್ರೆಯಲ್ಲಿ ರಾತ್ರಿ ಸರ್ಜನ್, ಅರಿವಳಿಕೆ ಡಾಕ್ಟ್ರು, ಥಿಯೇಟರ್ ಮೂರೂ ಇಲ್ಲದಿದ್ದರೆ ಅಲ್ಲಿ ಇಳಿಯುವುದೇ ಸಮಯ ನಷ್ಟ. ಜೀಪು ಹತ್ತುವ ಮೊದಲೇ ಫೋನ್ ಮಾಡಿ ಕೇಳಿ.

ಈಗ ಕಲ್ಲು. ಬಾಳೆದಿಂಡು ಅಣ್ಣಾ, ನಿಮ್ಮ ಕಲ್ಲು ಬಿದ್ದದ್ದು ಸಂತೋಷ. 5 ಮಿಲಿಮೀಟರ್‌ಗಿಂತ ಸಣ್ಣವು ಹೆಚ್ಚಾಗಿ ತಾವಾಗಿಯೇ ಬೀಳುತ್ತವೆ, ಯಶಸ್ಸು ದಿಂಡಿಗೆ ಹೋಗುತ್ತದೆ. ಇರಲಿ, ಜಗಳ ಇಲ್ಲ. ಬರೀ ಕಲ್ಲಿನ ನೋವು ಎಷ್ಟೇ ಜೋರಾಗಿದ್ದರೂ ಸಾಧಾರಣವಾಗಿ ಒಂದು ನೋವಿನ ಇಂಜೆಕ್ಷನ್‌ಗೆ ಬಗ್ಗುತ್ತದೆ, ಸ್ಕ್ಯಾನ್ ಮರುದಿನ ಮಾಡಿಸಿದರೂ ಆದೀತು. ಕಿಡ್ನಿ ತೊಂದರೆ ಇದ್ದವರು ಆ ಇಂಜೆಕ್ಷನ್‌ಗೆ ಮೊದಲು ಹೇಳಿಬಿಡಬೇಕು, ಅಷ್ಟೆ. ಅರುವತ್ತು ದಾಟಿದವರಿಗೆ ಜೀವಮಾನದಲ್ಲೇ ಮೊದಲ ಸಲ ಅಂಥ ನೋವು ಬಂದರೆ ನಾವು ಕಲ್ಲು ಅಂತ ನಂಬುವುದಿಲ್ಲ. ಹೊಟ್ಟೆಯ ದೊಡ್ಡ ರಕ್ತನಾಳ ಊದಿ ಒಡೆದರೂ ಹಾಗೇ ನೋಯುತ್ತದೆ.

ನನಗೆ ನಿಜಕ್ಕೂ ಭಯ ಹುಟ್ಟಿಸುವುದು ಕಲ್ಲಿನ ಜೊತೆ ಚಳಿ ಜ್ವರ. ದಾರಿ ಮುಚ್ಚಿದೆ, ಹಿಂದೆ ನಿಂತ ಮೂತ್ರ ಕೀವಾಗುತ್ತಿದೆ ಅಂತ ಅರ್ಥ. ಮಳೆಗಾಲದಲ್ಲಿ ನಮ್ಮ ಕಡೆ ಚಳಿ ಜ್ವರ ಅಂದರೆ ಡೆಂಗಿಯೋ ಇಲಿ ಜ್ವರವೋ ಅಂತ ರಕ್ತ ಪರೀಕ್ಷೆ ಮಾಡಿಸುತ್ತಾ ಎರಡು ದಿನ ಕಳೆಯುತ್ತದೆ. ಪರೀಕ್ಷೆ ಮಾಡಿಸಿ, ಬೇಡ ಅನ್ನುವುದಿಲ್ಲ. ಆದರೆ ಪಕ್ಕೆಯಲ್ಲಿ ಒಂದೇ ಬದಿ ನೋವಿದ್ದರೆ, ಮೊದಲು ಕಲ್ಲು ಬಂದವರಾದರೆ, ಮೊದಲ ದಿನವೇ ಸ್ಕ್ಯಾನ್ ಕೇಳಿ. ಇಲ್ಲಿ ಆಂಟಿಬಯೋಟಿಕ್ ಒಂದರಿಂದಲೇ ಕೆಲಸ ಆಗುವುದಿಲ್ಲ. ಕೀವಿಗೆ ದಾರಿ ಮಾಡಿಕೊಡಬೇಕು. ಕೆಳಗಿನಿಂದ ಸ್ಟೆಂಟ್ (ಒಳಗೇ ಇಡುವ ಸಪೂರ ಕೊಳವೆ) ಏರಿಸುತ್ತಾರೆ, ಇಲ್ಲವೇ ಬೆನ್ನಿನಿಂದ ಕಿಡ್ನಿಗೆ ಸಣ್ಣ ಟ್ಯೂಬ್ ಇಳಿಸುತ್ತಾರೆ. ಕಲ್ಲನ್ನು ಆ ದಿನ ಮುಟ್ಟುವುದಿಲ್ಲ. "ಕಲ್ಲು ತೆಗೆಯದೆ ಬಿಲ್ ಮಾತ್ರ ಮಾಡಿದರು" ಅಂತ ಬೈಯುವವರು ಇರುತ್ತಾರೆ. ಕೀವಿರುವಾಗ ಕಲ್ಲು ಒಡೆಯಲು ಹೋದರೆ ಸೋಂಕು ರಕ್ತಕ್ಕೆ ಹರಡಿ ಜೀವಕ್ಕೇ ಬರುತ್ತದೆ, ಅದಕ್ಕೇ ಎರಡು ಸಲ. ಆ ಸ್ಟೆಂಟ್ ತೆಗೆಸಲು ಹೇಳಿದ ದಿನಕ್ಕೆ ಹೋಗಿ. ನೋವಿಲ್ಲ ಅಂತ ಬಿಟ್ಟವರ ಸ್ಟೆಂಟಿನ ಮೇಲೆಯೇ ಕಲ್ಲು ಬೆಳೆದದ್ದನ್ನು ನೋಡಿದ್ದೇನೆ.

ಕೆಲಸ ಮಾಡುವ ಕಿಡ್ನಿ ಒಂದೇ ಇರುವವರಿಗೆ ಕಲ್ಲು ಸಿಕ್ಕಿಕೊಂಡು ಮೂತ್ರವೇ ನಿಂತರೆ ಜ್ವರ ಬರುವ ತನಕ ಕಾಯಬೇಕಾಗಿಲ್ಲ, ಕೂಡಲೇ ಬನ್ನಿ. ಅವರಿಗೆ ಕೆಳಹೊಟ್ಟೆ ಉಬ್ಬುವುದಿಲ್ಲ, ಮೂತ್ರಚೀಲಕ್ಕೆ ಇಳಿಯುವುದೇ ಇಲ್ಲವಲ್ಲ.

ಸಕ್ಕರೆ ಕಾಯಿಲೆಯವರಿಗೆ ಕೆಳಗಿನ ಚರ್ಮದಲ್ಲಿ ಒಂದು ಸಣ್ಣ ಕುರು. ತೋರಿಸಲು ನಾಚಿಕೆ. ನಾಲ್ಕು ದಿನ ಮುಲಾಮು ಹಚ್ಚುತ್ತಾರೆ. ಒಂದು ದಿನ ಊತ ಬೆಳೆದು, ಚರ್ಮ ಕಪ್ಪಾಗಿ, ಕೆಟ್ಟ ವಾಸನೆ ಬರುತ್ತದೆ. ಕಾಣುವ ಗಾಯಕ್ಕಿಂತ ನೋವು ಎಷ್ಟೋ ಜಾಸ್ತಿ ಇರುತ್ತದೆ. ಅದು ಒಳಗೊಳಗೆ ಕೊಳೆಯುತ್ತಾ ಗಂಟೆಗಂಟೆಗೂ ಹರಡುವ ರೋಗ, ಆ ದಿನವೇ ಕೊಯ್ದು ತೆಗೆಯಬೇಕು. ಈ ಒಂದಕ್ಕೆ ಬೆಳಗಿನ ತನಕ ಕಾಯುವ ಮಾತೇ ಇಲ್ಲ.

ಮರ ಹತ್ತುವವರ ವಿಷಯ ಕೇಳಿದ್ದೀರಿ. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಅಡಿಕೆ ಕೊನೆ ತೆಗೆಯಲು, ಮದ್ದು ಬಿಡಲು ಹತ್ತುವುದು ಕಡಿಮೆ ಆಗಿದೆ, ಆದರೂ ನಿಂತಿಲ್ಲ. ಕಾಲು ಜಾರಿ ಮರಕ್ಕೋ ಬೇಲಿಗೋ ಕವಲು ಬಡಿದರೆ, ಅಥವಾ ಬಿದ್ದು ಸೊಂಟದ ಎಲುಬು ಮುರಿದರೆ, ಮೂತ್ರ ಬರುವ ತೂತಿನ ತುದಿಯಲ್ಲಿ ಒಂದು ತೊಟ್ಟು ರಕ್ತ ಕಾಣುತ್ತದಾ ನೋಡಿ. ಕಂಡರೆ ಮೂತ್ರದ ನಾಳ ಹರಿದಿರಬಹುದು. ಅಂಥವರಿಗೆ ಕುರುಡು ಕುರುಡಾಗಿ ಟ್ಯೂಬ್ ತೂರಿಸಿದರೆ ಅರ್ಧ ಹರಿದದ್ದು ಪೂರ್ತಿ ಹರಿಯುತ್ತದೆ. ಮೂತ್ರ ಮಾಡಲು ಮುಕ್ಕಬೇಡ ಅಂತ ಹೇಳಿ, ಹಲಗೆಯ ಮೇಲೆ ಅಲುಗಾಡಿಸದೆ ಮಲಗಿಸಿ, 108ಕ್ಕೆ ಫೋನ್ ಮಾಡಿ. ಗಡಿಯ ಎರಡೂ ಬದಿ ಅದೇ ನಂಬರು.

ಮೂತ್ರದಲ್ಲಿ ಬರೀ ಕೆಂಪು ಬಣ್ಣ ಕಂಡರೆ ಆ ರಾತ್ರಿಯೇ ಓಡಬೇಕಾಗಿಲ್ಲ. ನೋವಿಲ್ಲದೆ ಬಂದು ತಾನಾಗಿ ನಿಂತರೂ ಬಿಡದೆ ಪರೀಕ್ಷೆ ಮಾಡಿಸಿ, ಬೀಡಿ ಸೇದುವವರಂತೂ ಖಂಡಿತ. ಮೂತ್ರಚೀಲದ ಕ್ಯಾನ್ಸರ್ ಹೀಗೇ ಶುರುವಾಗುತ್ತದೆ. ಹೆಪ್ಪು ಹೆಪ್ಪಾಗಿ ಬಂದು ಮೂತ್ರ ಕಟ್ಟಿದರೆ ಮಾತ್ರ ಕೂಡಲೇ ಹೊರಡಬೇಕು. ಅದಕ್ಕೆ ಸಾದಾ ಟ್ಯೂಬ್ ಸಾಲದು, ಒಳಗೆ ತೊಳೆಯುವ ದಪ್ಪ ಟ್ಯೂಬ್ ಬೇಕು. ರಕ್ತ ತೆಳು ಮಾಡುವ ಮಾತ್ರೆ ತಿನ್ನುತ್ತಿದ್ದರೆ ಅದರ ಚೀಟಿ ತನ್ನಿ.

ಇನ್ನೊಂದನ್ನು ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಆಸೆ ಇಲ್ಲದೆಯೇ ಶಿಶ್ನ ಗಡುಸಾಗಿ ನಿಂತು, ನೋವಿನೊಂದಿಗೆ 4 ಗಂಟೆ ದಾಟಿದರೆ ಅದೂ ಎಮರ್ಜೆನ್ಸಿಯೇ. ನಗುವ ವಿಷಯ ಅಲ್ಲ, ತಡವಾದರೆ ಅಂಗವೇ ಕೆಡುತ್ತದೆ.

ಮಂಗಳೂರೊಂದನ್ನೇ ನೆಚ್ಚಿಕೊಳ್ಳಬೇಡಿ. 2020ರ ಲಾಕ್‌ಡೌನಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದು ನೆನಪಿದೆಯಲ್ಲ. ಆಗ ನಮ್ಮವರಿಗೆ ದಕ್ಷಿಣದ ದಾರಿ ಗೊತ್ತಾಯಿತು. ಕಾಸರಗೋಡಿನ ಜನರಲ್ ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆ, ಅದಕ್ಕೂ ಆಚೆ ಪರಿಯಾರಂ ಮೆಡಿಕಲ್ ಕಾಲೇಜು. ಯಾವ ರಾತ್ರಿ ಎಲ್ಲಿ ಯುರಾಲಜಿಸ್ಟ್ ಸಿಗುತ್ತಾರೆ ಅಂತ ಹಗಲಲ್ಲೇ ವಿಚಾರಿಸಿ ನಂಬರ್ ಇಟ್ಟುಕೊಳ್ಳಿ. ಫೋನಿನಲ್ಲಿ ಮಾತಾಡುವಾಗ "ಮೂತ್ರದ ತೊಂದರೆ" ಅಂತ ಎಳೆಯಬೇಡಿ. "ಎಂಟು ಗಂಟೆಯಿಂದ ಮೂತ್ರ ಹೋಗಿಲ್ಲ, ಹೊಟ್ಟೆ ಗಟ್ಟಿ", "ಹುಡುಗನಿಗೆ ನಾಲ್ಕು ಗಂಟೆಗೆ ಬೀಜದ ನೋವು ಶುರು", "ಕಲ್ಲಿದೆ, ಚಳಿ ಜ್ವರ ಬಂದಿದೆ". ಹೀಗೆ ಒಂದೇ ಸಾಲು. ಈ ಕಡೆ ನಾವು ಅಷ್ಟರಲ್ಲೇ ಎದ್ದು ನಿಂತಿರುತ್ತೇವೆ.

ತೋಟದಮನೆ:

ಎಲ್ಲರಿಗೂ ಉಪಕಾರ ಆಯಿತು. ಜೀಪಿನವನಿಗೆ ಚಾ ಆಯಿತು ಸಿಸ್ಟರ್, ಜೊತೆಗೆ ಗೋಳಿಬಜೆಯನ್ನೂ ಅವನೇ ಕೇಳಿ ತಿಂದ. ಮಕ್ಕಳನ್ನು ಕೂರಿಸಿ ಹೇಳಿದೆ. ದೊಡ್ಡವನು ಮುಖ ತಿರುಗಿಸಿದ, ಆದರೆ ಕೇಳಿಸಿಕೊಂಡ.

ನಾಡಿದ್ದಿನ ಬಗ್ಗೆ ಒಂದು ಸಂಶಯ. ಟ್ಯೂಬ್ ತೆಗೆದ ಮೇಲೆ ಅಲ್ಲೇ ಎಷ್ಟು ಹೊತ್ತು ಕೂರಬೇಕು? ಮನೆಗೆ ಬಂದು ಪುನಃ ಕಟ್ಟಿದರೆ ಏನು ಗತಿ? ಅಪ್ಪ ಈಗಲೇ "ತೆಗೆಯುವುದೇ ಬೇಡ, ಹೀಗೇ ಇರಲಿ" ಅನ್ನುತ್ತಿದ್ದಾರೆ. ಆ ರಾತ್ರಿಯ ಹೆದರಿಕೆ ಹೋಗಿಲ್ಲ. ಮಾತ್ರೆ ತಿಂದ ಮೇಲೆ ಎದ್ದು ನಿಂತಾಗ ತಲೆ ತಿರುಗುತ್ತದೆ ಅಂತಲೂ ಹೇಳಿದರು.

ಕುಂಬಳೆ ಸಿಸ್ಟರ್:

ಟ್ಯಾಮ್‌ಸುಲೋಸಿನ್ ಕೊಟ್ಟಿರಬೇಕು, ಚೀಟಿ ನೋಡಿ. ಅದು ಮೂತ್ರಚೀಲದ ಬಾಯಿಯನ್ನು ಸಡಿಲ ಮಾಡುತ್ತದೆ, ಜೊತೆಗೆ ಬಿಪಿಯನ್ನೂ ಸ್ವಲ್ಪ ಇಳಿಸುತ್ತದೆ. ರಾತ್ರಿ ಊಟದ ನಂತರ ಕೊಡಬಹುದಾ ಅಂತ ಡಾಕ್ಟ್ರ ಹತ್ತಿರ ಕೇಳಿ. ಹಾಸಿಗೆಯಿಂದ ಏಳುವಾಗ ಕಾಲು ಇಳಿಬಿಟ್ಟು ಎರಡು ನಿಮಿಷ ಕೂತು ಆಮೇಲೆ ಏಳಲಿ. ನೀವಾಗಿ ನಿಲ್ಲಿಸಬೇಡಿ. ನಾಡಿದ್ದು ಟ್ಯೂಬ್ ತೆಗೆದಾಗ ಮೂತ್ರ ಹೋಗಲು ಅದೇ ಸಹಾಯ.

ಬೆಳಿಗ್ಗೆ ಬೇಗ ಟೋಕನ್ ತೆಗೆಸಿ. ಮಧ್ಯಾಹ್ನದ ಮೇಲೆ ತೆಗೆಸಿಕೊಂಡರೆ ಕಟ್ಟುವುದು ರಾತ್ರಿಗೆ, ಪುನಃ ಜೀಪು. ತೆಗೆದ ಮೇಲೆ ಒಂದೇ ಸಲಕ್ಕೆ ಚೊಂಬುಗಟ್ಟಲೆ ನೀರು ಕುಡಿಸಬೇಡಿ. ಗಂಟೆಗೊಂದು ಲೋಟ ಸಾಕು. ಎರಡು ಮೂರು ಸಲ ಸರಿಯಾಗಿ ಹೋಗುವ ತನಕ ಆಸ್ಪತ್ರೆಯ ವರಾಂಡದಲ್ಲೇ ಇರಿ. ಹೋದದ್ದನ್ನು ಒಂದು ಅಳತೆ ಪಾತ್ರೆಗೆ ಹಿಡಿಯಲು ಹೇಳಿ. ಹೋದ ನಂತರ ಸ್ಕ್ಯಾನ್ ಇಟ್ಟು ಒಳಗೆ ಎಷ್ಟು ಉಳಿದಿದೆ ನೋಡುತ್ತಾರೆ. ನೋಡದಿದ್ದರೆ ನೀವೇ ಕೇಳಿ. ಹೋಗದಿದ್ದರೆ ಅಲ್ಲೇ ವಾಪಸ್ ಹಾಕಿಸಿಕೊಂಡು ಬನ್ನಿ. ಇದು ತುಂಬ ಜನರಿಗೆ ಆಗುತ್ತದೆ, ಕೆಲವು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಆಗಲೂ ಆಗದಿದ್ದರೆ ಆಪರೇಶನ್ ಮಾತು ಬರುತ್ತದೆ.

ಈ ಎರಡು ದಿನ ಅಪ್ಪನಿಗೆ ಹೊಟ್ಟೆ ಸರಿಯಾಗಿ ಹೋಗಲಿ. ಬಸಳೆ, ಪಪ್ಪಾಯಿ, ಏನು ಸೇರುತ್ತದೋ ಅದು. ಮನೆಯಲ್ಲಿ ಉಳಿದ ಶೀತದ ಮಾತ್ರೆಯ ಪಟ್ಟಿಯನ್ನು ಎಸೆಯಬೇಡಿ, ಕಿಸೆಯಲ್ಲಿ ಹಾಕಿಕೊಂಡು ಹೋಗಿ ಡಾಕ್ಟ್ರಿಗೆ ತೋರಿಸಿ. ಅದರಲ್ಲಿ ಏನಿತ್ತು ಅಂತ ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಂಡರೆ ಮುಂದಿನ ಶೀತಕ್ಕೆ ಅಂಗಡಿಯವರಿಗೆ ಅದನ್ನೇ ತೋರಿಸಬಹುದು. ಟ್ಯೂಬ್ ಮುಂದುವರಿದರೆ ನಿಮ್ಮ ಪಂಚಾಯತಿನ ಪಾಲಿಯೇಟಿವ್ ಸಿಸ್ಟರ್ ಹತ್ತಿರ ಹೆಸರು ಬರೆಸಿ. ಆಶಾ ಕಾರ್ಯಕರ್ತೆಗೆ ಹೇಳಿದರೂ ಆಯಿತು, ಬದಲಾಯಿಸಲು ಅವರು ಮನೆಗೇ ಬರುತ್ತಾರೆ. ದಾರಿ ಕೇಳಿದಾಗ ಜೀಪಿನವನ ನಂಬರನ್ನೂ ಕೊಟ್ಟಿರಿ.